ಪರದೇಶದ ಮಕ್ಕಳಿಗೆ ಸತ್ಯವೇದದ ಕಥೆ ಹೇಳುವುದು

(ಹೊರದೇಶಗಳಿಗೆ ಸೇವೆಗೆ ಹೊರಟಿರುವ ಯುವಜನರ ತರಬೇತಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಕೆಲವರು ನೇಪಾಳಕ್ಕೆ ಹೊರಟಿದ್ದೀರಿ. ಕೆಲವರು ಆಫ್ರಿಕಾದ ದೇಶಗಳಿಗೆ ಹೋಗುತ್ತೀರಿ. ಅಲ್ಲಿಗೆ ಹೋದ ಮೇಲೆ ಮೊದಲು ನಿಮ್ಮ ಕೈಗೆ ಬರುವುದು ಮಕ್ಕಳ ಕೆಲಸ. ಹೊಸಬರಿಗೆ ಎಲ್ಲ ಕಡೆಯೂ ಅದನ್ನೇ ಕೊಡುತ್ತಾರೆ. ಭಾಷೆ ಸರಿಯಾಗಿ ಬರುವುದಿಲ್ಲ, ದೊಡ್ಡವರಿಗೆ ಪ್ರಸಂಗ ಮಾಡಲು ಆಗುವುದಿಲ್ಲ, ಮಕ್ಕಳಿಗೆ ನಾಲ್ಕು ಕಥೆ ಹೇಳಿಕೊಂಡಿರಲಿ ಅನ್ನುವ ಲೆಕ್ಕ. ಈ ಲೆಕ್ಕ ತಪ್ಪು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ದೊಡ್ಡವರು ನಿಮ್ಮ ತಪ್ಪು ಮಾತನ್ನು ಸರಿಮಾಡಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಮಗು ಹಾಗಲ್ಲ. ನೀವು ಹೇಳಿದ್ದನ್ನು ಹೇಳಿದ ಹಾಗೇ ತೆಗೆದುಕೊಳ್ಳುತ್ತದೆ, ಐವತ್ತು ವರ್ಷ ಇಟ್ಟುಕೊಳ್ಳುತ್ತದೆ.

ನಾನು ಕರಾವಳಿಯ ಸಭೆಯೊಂದರಲ್ಲಿ ಬಹಳ ವರ್ಷಗಳಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಹೊರದೇಶಕ್ಕೆ ಹೋದವಳಲ್ಲ. ಆದರೂ ಈ ಮಾತು ಆಡಲು ನನಗೊಂದು ಹಕ್ಕಿದೆ ಅಂದುಕೊಂಡಿದ್ದೇನೆ. ಯಾಕೆಂದರೆ ನಾವು ಕಥೆ ಕೇಳಿಸಿಕೊಂಡ ಕಡೆಯವರು. ನಮ್ಮ ಹಿರಿಯರು ಚಿಕ್ಕವರಾಗಿದ್ದಾಗ ಯಾರೋ ಪರದೇಶದಿಂದ ಹಡಗಿನಲ್ಲಿ ಬಂದು ಅವರ ಮುಂದೆ ಕೂತು ದಾವೀದನ ಕಥೆ ಹೇಳಿದರು. ಅದು ಹೇಗೆ ಕೇಳಿಸಿತು, ಎಲ್ಲಿ ಹಿಡಿಸಿತು, ಎಲ್ಲಿ ಹೊರಗಿನದಾಗಿಯೇ ಉಳಿಯಿತು ಅನ್ನುವುದು ನಮ್ಮ ಮನೆಗಳಿಗೆ ಗೊತ್ತು. ಈಗ ನೀವು ಹೇಳುವ ಕಡೆಗೆ ಹೋಗುತ್ತಿದ್ದೀರಿ. ಕೇಳಿದವರ ಅನುಭವವನ್ನು ಇಲ್ಲೇ ಬಿಟ್ಟು ಹೋಗಬೇಡಿ ಅಂತ ಕೇಳಿಕೊಳ್ಳಲು ಬಂದಿದ್ದೇನೆ.

ಮೊದಲು ತಮಿಳುನಾಡಿನ ಕಡಲತೀರದ ತರಂಗಂಬಾಡಿಯ ವಿಷಯ. 1706ರ ಜುಲೈನಲ್ಲಿ ಬಾರ್ತಲೋಮೇಯಸ್ ಸೀಗನ್‌ಬಾಲ್ಗ್ ಎಂಬ ಜರ್ಮನ್ ಯುವಕ ಅಲ್ಲಿ ಬಂದು ಇಳಿದ. ಜೊತೆಗೆ ಹೈನ್ರಿಕ್ ಪ್ಲೂಚಾವ್. ಇಬ್ಬರನ್ನೂ ಕಳಿಸಿದ್ದು ಡೆನ್ಮಾರ್ಕಿನ ರಾಜ ನಾಲ್ಕನೇ ಫ್ರೆಡರಿಕ್. ಸೀಗನ್‌ಬಾಲ್ಗ್‌ಗೆ ಆಗಿನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ತಮಿಳು ಒಂದಕ್ಷರ ಬಾರದು. ಕಲಿಸಲು ವ್ಯಾಕರಣದ ಪುಸ್ತಕವೂ ಕೈಯಲ್ಲಿಲ್ಲ. ಅವರು ಏನು ಮಾಡಿದರು ಗೊತ್ತಾ? ಊರಿನ ಒಬ್ಬ ವಯಸ್ಸಾದ ಉಪಾಧ್ಯಾಯರನ್ನು ಕೇಳಿಕೊಂಡು, ಅವರ ಶಾಲೆಯನ್ನೇ ತಮ್ಮ ಮನೆಗೆ ಕರೆಸಿಕೊಂಡರು. ಚಿಕ್ಕ ಮಕ್ಕಳ ಜೊತೆ ನೆಲದ ಮೇಲೆ ಕೂತರು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಇವರೂ ಹಾಗೇ ತಿದ್ದಿದರು. ಯುರೋಪಿನ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿ ಬಂದವರು ಐದಾರು ವರ್ಷದ ಮಕ್ಕಳ ಸಾಲಿನಲ್ಲಿ ಕೂತು ಅಕ್ಷರ ತೀಡಿದರು.

ನನಗೆ ಇಡೀ ಮಿಶನ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಕಾಣುವುದಿಲ್ಲ. ಆಮೇಲೆ ಅವರು ಮಾಡಿದ ಕೆಲಸಗಳೆಲ್ಲ ಪುಸ್ತಕಗಳಲ್ಲಿವೆ. 1707ರಲ್ಲೇ ಹುಡುಗಿಯರಿಗೂ ಶಾಲೆ ಶುರುವಾಯಿತು. 1715ರ ಹೊತ್ತಿಗೆ ತಮಿಳಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಗಿ ಬಂತು. 1719ರಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ, ಸೀಗನ್‌ಬಾಲ್ಗ್ ತೀರಿಹೋದ. ಆದರೆ ಮೊದಲ ದಿನಗಳಲ್ಲಿ ಅವನು ಮಕ್ಕಳಿಗೆ ಏನನ್ನೂ ಕಲಿಸಲಿಲ್ಲ. ಮಕ್ಕಳಿಂದ ಕಲಿತ. ಆ ಮಕ್ಕಳು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ, ಯಾವಾಗ ನಗುತ್ತಾರೆ, ಹೇಳಿಕೊಟ್ಟದ್ದನ್ನು ರಾಗ ಎಳೆದು ಹೇಗೆ ಬಾಯಿಪಾಠ ಮಾಡುತ್ತಾರೆ ಅನ್ನುವುದೆಲ್ಲ ಪಕ್ಕದಲ್ಲಿ ಕೂತವನ ಕಿವಿಗೆ ತಾನಾಗಿ ಬೀಳುತ್ತದೆ, ಅಲ್ವಾ? ನೀವು ಹೋದ ಊರಿನಲ್ಲಿ ಮೊದಲ ಕೆಲವು ತಿಂಗಳು ಹೀಗೆ ಕೂರಲು ಬಿಡಿ ಅಂತ ನಿಮ್ಮನ್ನು ಕಳಿಸುವವರ ಹತ್ತಿರ ಕೇಳಿ. ಅವರು ಆತುರ ಮಾಡುತ್ತಾರೆ. ವರದಿ ಬೇಕು ಅನ್ನುತ್ತಾರೆ. ಆದರೂ ಕೇಳಿ.

ಈಗ ನಮ್ಮ ಕರಾವಳಿಗೆ ಬರೋಣ. ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸನ್ನದನ್ನು 1833ರಲ್ಲಿ ಬದಲಾಯಿಸಿದ ಮೇಲೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಇಲ್ಲಿ ಬಂದು ಕೆಲಸ ಮಾಡಲು ದಾರಿಯಾಯಿತು. ಮರುವರ್ಷ, 1834ರ ಅಕ್ಟೋಬರಿನಲ್ಲಿ, ಸ್ಯಾಮುಯೆಲ್ ಹೆಬಿಕ್, ಲೆನರ್, ಗ್ರೈನರ್ ಮೂವರೂ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1853ರಲ್ಲಿ ಫರ್ಡಿನೆಂಡ್ ಕಿಟೆಲ್. ಈ ಹೆಸರುಗಳನ್ನು ನೀವು ನಿಘಂಟು, ಪತ್ರಿಕೆ, ಹೆಂಚಿನ ಕಾರ್ಖಾನೆಗಳ ಜೊತೆ ಕೇಳಿರುತ್ತೀರಿ. ಆ ಸಂಗತಿಗಳನ್ನು ಇವತ್ತು ಪಕ್ಕಕ್ಕಿಡುತ್ತೇನೆ. ಅವರ ಶಾಲೆಯ ಚಾಪೆಯ ಮೇಲೆ ಕೂತ ಮಕ್ಕಳ ಕಡೆ ಮಾತ್ರ ನೋಡೋಣ.

ಆ ಮಕ್ಕಳು ಮನೆಯಲ್ಲಿ ತುಳು ಆಡುತ್ತಿದ್ದರು. ಕೆಲವರು ಕೊಂಕಣಿ. ಶಾಲೆಯಲ್ಲಿ ಓದು ಬರಹ ಕನ್ನಡದಲ್ಲಿ. ಕಥೆ ಹೇಳಲು ಬಂದವರ ತಾಯಿನುಡಿ ಜರ್ಮನ್. ಅಂದರೆ ಒಂದು ಕಥೆ ಮಗುವಿನ ಕಿವಿ ಮುಟ್ಟುವ ಹೊತ್ತಿಗೆ ಮೂರು ಭಾಷೆ ದಾಟಿ ಬರುತ್ತಿತ್ತು. ಸತ್ಯವೇದ ಕನ್ನಡದಲ್ಲಿ ಆಗಲೇ ಇತ್ತು. ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ವರ್ಷಗಟ್ಟಲೆ ದುಡಿದು ಅದನ್ನು ತಂದಿದ್ದರು. ಆದರೆ ಇಡೀ ಸತ್ಯವೇದವನ್ನು ಏಳು ವರ್ಷದ ಮಗುವಿನ ಕೈಗೆ ಕೊಟ್ಟರೆ ಅದು ಎಲ್ಲಿಂದ ಶುರುಮಾಡಬೇಕು?

ಇದಕ್ಕೆ ಅವರ ಊರಿನಲ್ಲೇ ಒಂದು ಉತ್ತರ ಇತ್ತು. ಜರ್ಮನಿಯ ಕಾಲ್ವ್ ಎಂಬ ಊರಿನ ಹತ್ತಿರ ಇದ್ದ ಕ್ರಿಸ್ಟಿಯಾನ್ ಗಾಟ್ಲೋಬ್ ಬಾರ್ತ್ ಎಂಬ ಪಾಸ್ಟರ್ 1832ರಲ್ಲಿ ಶಾಲೆಗಳಿಗೆ ಮತ್ತು ಮನೆಗಳಿಗೆ ಅಂತ ಸತ್ಯವೇದದ ಕಥೆಗಳ ಒಂದು ಪುಸ್ತಕ ಮಾಡಿದರು. ಹಳೆ ಒಡಂಬಡಿಕೆಯಿಂದ 52, ಹೊಸ ಒಡಂಬಡಿಕೆಯಿಂದ 52. ಯಾಕೆ 52 ಅಂತ ನಿಮಗೆ ಹೊಳೆದಿರಬೇಕು. ವಾರಕ್ಕೊಂದು ಕಥೆ. ಎರಡು ವರ್ಷಕ್ಕೆ ಪೂರ್ತಿ. ಚಿಕ್ಕ ಚಿಕ್ಕ ಕಥೆಗಳು, ಜೊತೆಗೆ ಚಿತ್ರ. ಈ ಪುಸ್ತಕ ಪ್ರಪಂಚದ ಎಷ್ಟೋ ಭಾಷೆಗಳಿಗೆ ಹೋಯಿತು, ನಮ್ಮ ಕರಾವಳಿಯ ಭಾಷೆಗಳಿಗೂ ಬಂತು.

ನಾನು ಈ ಪುಸ್ತಕದ ಅಳತೆಯನ್ನು ಮೆಚ್ಚುತ್ತೇನೆ. ವಾರಕ್ಕೊಂದೇ ಕಥೆ. ಇವತ್ತಿನ ವಿ.ಬಿ.ಎಸ್.ಗಳಲ್ಲಿ, ಅಂದರೆ ರಜೆಯ ಸತ್ಯವೇದ ಶಾಲೆಗಳಲ್ಲಿ, ಹತ್ತು ದಿನಕ್ಕೆ ಹತ್ತು ಕಥೆ, ಹದಿನೈದು ಆಕ್ಷನ್ ಸಾಂಗ್, ದಿನಕ್ಕೊಂದು ಬಾಯಿಪಾಠ ವಚನ, ಕೊನೆಯ ದಿನ ಪ್ರೋಗ್ರಾಮ್. ಮಕ್ಕಳು ಖುಷಿಯಾಗಿರುತ್ತಾರೆ, ನಿಜ. ಆದರೆ ಕಥೆಗೆ ಒಳಗೆ ಇಳಿಯಲು ಪುರುಸೊತ್ತು ಸಿಗುವುದಿಲ್ಲ. ಏಳು ದಿನ ಬಿಟ್ಟರೆ ಮಗು ಆ ಕಥೆಯನ್ನು ತಂಗಿಗೆ ಹೇಳುತ್ತದೆ, ಆಟದಲ್ಲಿ ಬಳಸುತ್ತದೆ, ಮುಂದಿನ ವಾರ ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತದೆ. ಆ ಪ್ರಶ್ನೆಯೊಳಗೆ ಕಥೆ ಎಷ್ಟು ಇಳಿದಿದೆ ಅಂತ ಕಾಣುತ್ತದೆ.

ಆದರೆ ಪುಸ್ತಕ ಜರ್ಮನಿಯ ಮಕ್ಕಳಿಗಾಗಿ ಹುಟ್ಟಿದ್ದು. ಜರ್ಮನಿಯ ಶಾಲೆಯಲ್ಲಿ ಮೇಷ್ಟ್ರು ಕಥೆ ಹೇಳುವಾಗ ಮಕ್ಕಳು ಕೈಕಟ್ಟಿ ಮೌನವಾಗಿ ಕೂರಬೇಕು. ಅದು ಗಮನದ ಗುರುತು. ನಮ್ಮಲ್ಲಿ? ಅಜ್ಜಿ ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಬೇಕು. ‘ಒಂದಾನೊಂದು ಊರಲ್ಲಿ...’ ‘ಹೂಂ.’ ‘ಒಬ್ಬ ರಾಜ ಇದ್ದ.’ ‘ಹೂಂ.’ ಹೂಂಗುಟ್ಟುವುದು ನಿಂತರೆ ಮಗು ಮಲಗಿತು ಅಂತ ಅರ್ಥ. ಅಜ್ಜಿ ಕಥೆ ನಿಲ್ಲಿಸುತ್ತಾಳೆ. ಮೌನ ಒಂದು ನಾಡಿನಲ್ಲಿ ಕೇಳುತ್ತಿದ್ದಾರೆ ಅನ್ನುವ ಗುರುತು, ಇನ್ನೊಂದು ನಾಡಿನಲ್ಲಿ ಕೇಳುತ್ತಿಲ್ಲ ಅನ್ನುವ ಗುರುತು. ಇದನ್ನು ತಿಳಿಯದ ಟೀಚರ್, ಹೂಂ ಅನ್ನುವ ಮಗುವಿಗೆ ‘ಶ್!’ ಅಂದರೆ, ಕಥೆ ಕೇಳುವುದನ್ನೇ ಬೇಡ ಅಂದ ಹಾಗಾಯಿತು. ಮಗು ಸುಮ್ನೆ ಕೂರುತ್ತದೆ. ಟೀಚರಿಗೆ ಕ್ಲಾಸ್ ಚೆನ್ನಾಗಿ ಹೋಯಿತು ಅನ್ನಿಸುತ್ತದೆ.

ಅದಕ್ಕೇ ಹೇಳುತ್ತೇನೆ, ನೀವು ಹೋಗುವ ಊರಿನಲ್ಲಿ ಮಕ್ಕಳು ಕಥೆ ಹೇಗೆ ಕೇಳುತ್ತಾರೆ ಅಂತ ಮೊದಲು ನೋಡಿ. ರಾತ್ರಿ ಕೇಳುತ್ತಾರಾ, ಹಗಲು ಕೇಳುತ್ತಾರಾ? ಹೇಳುವವರು ಯಾರು, ಅಜ್ಜಿಯಾ, ಸೋದರಮಾವನಾ? ಮಧ್ಯೆ ಹಾಡು ಬರುತ್ತದಾ? ಎಲ್ಲರೂ ಸೇರಿ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರಾ? ಆಫ್ರಿಕಾದ ಅನೇಕ ಕಡೆ ಕಥೆ ಹೇಳುವವರು ಒಂದು ಸಾಲು ಕೂಗಿದರೆ ಕೇಳುವವರು ಇನ್ನೊಂದು ಸಾಲು ಕೂಗಿ ಉತ್ತರ ಕೊಡುತ್ತಾರೆ. ಹೂಂಗುಟ್ಟಿ ಬೆಳೆದ ನಮಗೆ ಅದು ಬೇಗ ಅರ್ಥವಾಗಬೇಕು. ಯುರೋಪಿನವರಿಗಿಂತ ನಮಗೆ ಇದೊಂದು ಅನುಕೂಲ ಜಾಸ್ತಿ ಇದೆ. ಅದನ್ನು ಬಿಟ್ಟು ಇಂಗ್ಲಿಷ್ ಪುಸ್ತಕದಲ್ಲಿ ಕಲಿತ ಕ್ಲಾಸನ್ನು ಅಲ್ಲಿ ಹೋಗಿ ನಡೆಸಬೇಡಿ.

ನಮ್ಮ ಕರಾವಳಿಯಲ್ಲಿ ಮಕ್ಕಳು ಕಥೆ ಕೇಳುತ್ತಿದ್ದ ಇನ್ನೊಂದು ಜಾಗ ಯಕ್ಷಗಾನದ ಆಟ. ರಾತ್ರಿಯಿಡೀ ಚೆಂಡೆ, ಭಾಗವತರ ಹಾಡು. ಕಥೆ ಅಂದರೆ ಹಾಡು ಅನ್ನುವುದು ಈ ಮಕ್ಕಳಿಗೆ ಹುಟ್ಟಿದಾಗಿನಿಂದ ಗೊತ್ತು. ಘಟ್ಟದ ಮೇಲೆ ಹೋದರೆ ಹರಿಕಥೆ, ಗಮಕ, ದಾಸರ ಪದ. ಬಂದ ಮಿಶನರಿಗಳಲ್ಲಿ ಕೆಲವರಿಗಾದರೂ ಇದು ಕಣ್ಣಿಗೆ ಬಿತ್ತು. ಮೋಗ್ಲಿಂಗ್ ಜೈಮಿನಿ ಭಾರತ ಅಚ್ಚು ಮಾಡಿಸಿದರು, 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಮಂಗಳೂರಿನಲ್ಲಿ ಪ್ರಕಟಿಸಿದರು. ತನ್ನದಲ್ಲದ ನಂಬಿಕೆಯ ಹಾಡುಗಳನ್ನು ಅಷ್ಟು ಶ್ರದ್ಧೆಯಿಂದ ಕೂಡಿಸಿದ ಮನುಷ್ಯನಿಗೆ, ಈ ಜನರ ಕಿವಿ ಎಲ್ಲಿದೆ ಅಂತ ತಿಳಿಯುವ ಆಸೆ ಇತ್ತು.

ಕಿಟೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1862ರಲ್ಲಿ ಅವರ ಕಥಾಮಾಲೆ ಬಂತು. ಯೇಸುವಿನ ಬದುಕಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ, ನಮ್ಮವರು ಹಾಡಿಕೊಳ್ಳುವ ರೀತಿಯಲ್ಲಿ ಕಟ್ಟಿದರು. ಯೋಚಿಸಿ ನೋಡಿ. ಜರ್ಮನಿಯ ಉತ್ತರದ ಕಡಲತೀರದಲ್ಲಿ ಹುಟ್ಟಿದವರು ಇಲ್ಲಿಗೆ ಬಂದು ಒಂಬತ್ತು ವರ್ಷಕ್ಕೆ ಕನ್ನಡದಲ್ಲಿ ಪದ್ಯ ಕಟ್ಟುತ್ತಾರೆ. ಆಗ ಸಭೆಗಳಲ್ಲಿ ಹಾಡುತ್ತಿದ್ದದ್ದು ಹೆಚ್ಚಾಗಿ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿದ ಗೀತೆಗಳು. ಆ ಗೀತೆಗಳನ್ನು ನಾನೂ ಹಾಡಿ ಬೆಳೆದಿದ್ದೇನೆ, ಅವುಗಳ ಮೇಲೆ ನನಗೆ ತುಂಬ ಪ್ರೀತಿ. ಆದರೂ ಚಿಕ್ಕ ಮಕ್ಕಳಿಗೆ ಕಥೆ ಹೇಳುವ ಹಾಡು ಅಂದರೆ ಅದು ನೆಲದ ರಾಗದಲ್ಲೇ ಇರಬೇಕು ಅಂತ ನನ್ನ ಅನುಭವ. ಕೋಲಾಟದ ತಾಳಕ್ಕೆ ‘ಜಕ್ಕಾಯ ಮರ ಹತ್ತಿದ’ ಅಂತ ಹೇಳಿಕೊಟ್ಟರೆ ಮಕ್ಕಳಿಗೆ ಎರಡನೇ ಸಲ ಹೇಳಿಕೊಡಬೇಕಾಗಿಲ್ಲ. ಯೇಸುವನ್ನು ನೋಡಲು ಜಕ್ಕಾಯ ಹತ್ತಿದ್ದು ನಮ್ಮ ಅತ್ತಿಮರದ ಬಳಗದ ಮರವೇ. ನಮ್ಮ ಮಕ್ಕಳಿಗೆ ಮರ ಹತ್ತುವುದನ್ನು ವಿವರಿಸಬೇಕಾ?

ಇಲ್ಲಿ ನೆಲದ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. ಒಂದೇ ಕಥೆ ಎಲ್ಲ ಊರಿನಲ್ಲೂ ಒಂದೇ ಥರ ಹಿಡಿಸುವುದಿಲ್ಲ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಇದ್ದ ಹಾಗೆಯೇ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಯಲ್ಲೂ ಇತ್ತು. ತಪ್ಪಿಹೋದ ಕುರಿಯ ಕಥೆಯನ್ನು ತೆಗೆದುಕೊಳ್ಳಿ. ನೂರು ಕುರಿಗಳಲ್ಲಿ ಒಂದು ತಪ್ಪಿಹೋಯಿತು, ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋದ, ಹೆಗಲ ಮೇಲೆ ಹೊತ್ತು ತಂದ. ಬೆಟಗೇರಿಯ ಮಗು ಇದನ್ನು ಕಣ್ಣಾರೆ ನೋಡಿರುತ್ತದೆ. ಕಂಬಳಿ ಹೊದ್ದ ಕುರುಬ, ಎಳೆಮರಿಯನ್ನು ಹೊತ್ತುಕೊಂಡು ಹಿಂಡಿನ ಹಿಂದೆ ಹೋಗುವುದು ಅಲ್ಲಿ ದಿನನಿತ್ಯದ ನೋಟ. ತೋಳದ ಭಯವೂ ಗೊತ್ತು. ಮಂಗಳೂರಿನ ಮಗುವಿಗೆ ಕುರಿ ಹಿಂಡು ಎಲ್ಲಿ ಕಾಣಬೇಕು? ಇಲ್ಲಿಯ ಮಳೆಗೆ ಕುರಿ ನಿಲ್ಲುವುದಿಲ್ಲ. ಆ ಮಗುವಿಗೆ ಅದು ಚಿತ್ರದಲ್ಲಿರುವ ಪ್ರಾಣಿ.

ಅದೇ ಮಗುವಿಗೆ ಗಲಿಲಾಯದ ಸರೋವರದ ಕಥೆ ಹೇಳಿ ನೋಡಿ. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದೆ ಬಂದ ಪೇತ್ರ, ದಡದಲ್ಲಿ ಬಲೆ ತೊಳೆಯುತ್ತಾ ಕೂತವರು. ಕಡಲ ಬದಿಯ ಮಕ್ಕಳು ನೀವು ಮುಗಿಸುವ ಮೊದಲೇ ಮುಂದಿನದನ್ನು ಹೇಳುತ್ತಾರೆ. ಬರಿಗೈಯಲ್ಲಿ ಬಂದ ದಿನ ಮನೆಯಲ್ಲಿ ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ಬಲೆ ಹರಿದರೆ ಎಷ್ಟು ಖರ್ಚು ಅಂತಲೂ ಗೊತ್ತು. ನೀವು ಹೋಗುವ ಊರಿನ ಮಕ್ಕಳು ಏನು ಮೇಯಿಸುತ್ತಾರೆ, ಏನು ಬೆಳೆಯುತ್ತಾರೆ, ನೀರು ಎಲ್ಲಿಂದ ತರುತ್ತಾರೆ ಅಂತ ನೋಡಿಕೊಂಡರೆ ಸತ್ಯವೇದದಲ್ಲಿ ಅವರಿಗೆ ಹತ್ತಿರವಾದ ಕಥೆ ಖಂಡಿತ ಸಿಗುತ್ತದೆ. ಅದು ಹೊಲ, ಹಿಂಡು, ಬಾವಿ, ದೋಣಿಗಳ ಪುಸ್ತಕ.

ಹತ್ತಿರದ ಕಥೆಯಲ್ಲಿ ಒಂದು ಕಷ್ಟವೂ ಇದೆ. ಬಿರುಗಾಳಿ ನಿಲ್ಲಿಸಿದ ಕಥೆಯನ್ನು ಒಮ್ಮೆ ಹೇಳುತ್ತಿದ್ದೆ. ಯೇಸು ದೋಣಿಯ ಹಿಂಬದಿಯಲ್ಲಿ ಮಲಗಿದ್ದ, ಎದ್ದು ಗಾಳಿಯನ್ನು ಗದರಿಸಿದ, ಎಲ್ಲ ಶಾಂತವಾಯಿತು. ಒಬ್ಬ ಹುಡುಗ ಎದ್ದು ನಿಂತು ಕೇಳಿದ: ‘ಟೀಚರ್, ನಮ್ಮ ಅಪ್ಪನ ದೋಣಿಗೆ ಯಾಕೆ ನಿಲ್ಲಿಸಲಿಲ್ಲ?’ ಅವನ ಅಪ್ಪ ಹಿಂದಿನ ವರ್ಷ ಕಡಲಲ್ಲಿ ಹೋಗಿದ್ದರು. ಕ್ಲಾಸಿನ ಎಲ್ಲ ಮಕ್ಕಳಿಗೂ ಅದು ಗೊತ್ತಿತ್ತು. ನಾನು ಉತ್ತರ ಹೇಳಲಿಲ್ಲ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತದ್ದನ್ನು ಮಾತ್ರ ಹೇಳಿದೆ. ಕೆಲವರು ಇಂಥ ಹೊತ್ತಿಗೆ ‘ದೇವರ ಚಿತ್ತ’ ಅಂತ ಹೇಳಿ ಮುಂದೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಪ್ಪನನ್ನು ಕಳೆದುಕೊಂಡ ಮಗುವಿಗೆ ದೇವರ ಚಿತ್ತ ಅಂದರೆ ದೇವರೇ ಅಪ್ಪನನ್ನು ಮುಳುಗಿಸಿದ ಅಂತಲೇ ಕೇಳಿಸುವುದು. ಮಗುವಿನ ಪ್ರಶ್ನೆ ದೊಡ್ಡದಾಗಿದ್ದರೆ ಅದು ದೊಡ್ಡದಾಗಿಯೇ ಇರಲಿ. ನೋಹನ ನಾವೆಗೆ ಬಾರದ ಮಕ್ಕಳು ಏನಾದರು ಅಂತ ಕೇಳುತ್ತಾರೆ. ಗೊಲ್ಯಾತನಿಗೆ ಅಮ್ಮ ಇದ್ದಳಾ ಅಂತ ಕೇಳುತ್ತಾರೆ. ಇವು ತರಲೆ ಪ್ರಶ್ನೆಗಳಲ್ಲ. ಆ ಮಗು ಕಥೆಯೊಳಗೆ ನಡೆದುಕೊಂಡು ಹೋಗಿ, ನಾವು ನೋಡದ ಮೂಲೆಯನ್ನು ನೋಡಿ ಬಂದಿದೆ.

ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 19ನೇ ಶತಮಾನದ ಜರ್ಮನ್ ಚಿತ್ರಗಳಲ್ಲಿ ಯೇಸು ಜರ್ಮನಿಯವನಂತೆ ಕಾಣುತ್ತಾನೆ. ಇವತ್ತು ನಿಮ್ಮ ಮೊಬೈಲಿಗೆ ಬರುವ ಕಾರ್ಟೂನುಗಳಲ್ಲೂ ಅಷ್ಟೇ. ಸಾಧ್ಯವಾದರೆ ಆ ಊರಿನ ಮಕ್ಕಳ ಕೈಯಲ್ಲೇ ಚಿತ್ರ ಬಿಡಿಸಿ. ಮರಳು ಸಾಕು.

ಆದರೆ ಬಣ್ಣದ ಬಗ್ಗೆ ಹೇಳಲೇಬೇಕು. ಅಕ್ಷರ ಇಲ್ಲದ ಪುಸ್ತಕ ಅಂತ ಒಂದಿದೆ, ನಿಮಗೂ ಕೊಟ್ಟಿರಬಹುದು. ಅದರಲ್ಲಿ ಬಣ್ಣದ ಹಾಳೆಗಳು ಮಾತ್ರ. ಲಂಡನ್ನಿನ ಬೋಧಕ ಚಾರ್ಲ್ಸ್ ಸ್ಪರ್ಜನ್ 1866ರ ಒಂದು ಪ್ರಸಂಗದಲ್ಲಿ ಕಪ್ಪು, ಕೆಂಪು, ಬಿಳಿ ಹಾಳೆಗಳ ಪುಸ್ತಕದ ಬಗ್ಗೆ ಮಾತಾಡಿದರು. ಆಮೇಲೆ ಚಿನ್ನದ ಬಣ್ಣ ಸೇರಿತು. ಐರ್ಲೆಂಡಿನಿಂದ ಬಂದ ಮಿಶನರಿ ಏಮಿ ಕಾರ್ಮೈಕಲ್ ಕೂಡ ಇದೇ ಬಣ್ಣಗಳ ಬಾವುಟವನ್ನು ಎತ್ತಿನ ಗಾಡಿಗೆ ಕಟ್ಟಿಕೊಂಡು ತಿರುನೆಲ್ವೇಲಿಯ ಹಳ್ಳಿಗಳಿಗೆ ಹೋಗುತ್ತಿದ್ದರು. ಅವರು 1895ರಲ್ಲಿ ಮೊದಲು ಬಂದದ್ದು ನಮ್ಮ ಬೆಂಗಳೂರಿಗೆ. ಆಮೇಲೆ ದೋಹ್ನಾವೂರಿನಲ್ಲಿ ನೂರಾರು ಮಕ್ಕಳನ್ನು ಸಾಕಿದರು. ಒಮ್ಮೆಯೂ ಊರಿಗೆ ಹಿಂದಿರುಗದೆ 1951ರಲ್ಲಿ ಅಲ್ಲೇ ತೀರಿಕೊಂಡರು. ಅವರ ಪ್ರೀತಿಯ ಮುಂದೆ ನಾವು ಯಾರೂ ನಿಲ್ಲುವುದಿಲ್ಲ. ಆದರೂ ಆ ಪುಸ್ತಕದಲ್ಲಿ ಕಪ್ಪು ಅಂದರೆ ಪಾಪ, ಬಿಳಿ ಅಂದರೆ ಶುದ್ಧ. ಕಪ್ಪು ಮೈಬಣ್ಣದ ಮಗುವಿನ ಮುಂದೆ ಕಪ್ಪು ಹಾಳೆ ಹಿಡಿದು ಇದು ಪಾಪ ಅಂತ ಹೇಳುವುದು ಬೇಡವೇ ಬೇಡ. ಬಣ್ಣದ ಕಾರಣಕ್ಕೆ ಮಾತು ಕೇಳಿಸಿಕೊಂಡ ಹುಡುಗಿಯರು ನಮ್ಮ ನಮ್ಮ ಮನೆಗಳಲ್ಲೇ ಇದ್ದಾರೆ. ಅದು ಎಲ್ಲಿ ಚುಚ್ಚುತ್ತದೆ ಅಂತ ನಮಗೆ ಗೊತ್ತು. ಆಫ್ರಿಕಾಕ್ಕೆ ಹೋಗುವವರು ಆ ಹಾಳೆಯನ್ನು ಇಲ್ಲೇ ಇಟ್ಟು ಹೋಗಿ. ತಪ್ಪಿಹೋದ ಮಗನ ಕಥೆ ಇದೆ, ಅದರಲ್ಲಿ ಎಲ್ಲ ಇದೆ.

ಇನ್ನು ಮನೆಯವರ ವಿಷಯ. ಮಂಗಳೂರಿನ ಮಿಶನ್ ಶಾಲೆಗೆ ಎಲ್ಲ ಮನೆಯವರೂ ಮಕ್ಕಳನ್ನು ಕಳಿಸುತ್ತಿದ್ದರು, ಲೆಕ್ಕಕ್ಕಾಗಿ, ಇಂಗ್ಲಿಷಿಗಾಗಿ. ಕಥೆಯ ಪಾಠವೂ ಜೊತೆಗೆ ಇತ್ತು. 1844ರಲ್ಲಿ ಶಾಲೆಯ ಮೂವರು ಸಾರಸ್ವತ ಯುವಕರು ದೀಕ್ಷಾಸ್ನಾನ ತೆಗೆದುಕೊಂಡರು. ಅವರಲ್ಲಿ ಆನಂದರಾವ್ ಕೌಂಡಿನ್ಯ ಒಬ್ಬರು. ಮುಂದೆ ಅವರು ಬಾಸೆಲಿಗೆ ಹೋಗಿ ಓದಿ, ದೀಕ್ಷೆ ಪಡೆದು ಹಿಂದಿರುಗಿ, ಕೊನೆಯವರೆಗೂ ಸೇವೆ ಮಾಡಿದರು. ಸಭೆಯ ಚರಿತ್ರೆಯಲ್ಲಿ ಇದನ್ನು ಸಂತೋಷದಿಂದ ಹೇಳುತ್ತೇವೆ. ಆದರೆ ಅವತ್ತು ಊರು ಹೊತ್ತಿ ಉರಿದ ಹಾಗಾಯಿತು. ಎಷ್ಟೋ ಮನೆಯವರು ಮಕ್ಕಳನ್ನು ಶಾಲೆ ಬಿಡಿಸಿದರು. ಮಗನನ್ನು ಕಳೆದುಕೊಂಡೆವು ಅಂತ ಅತ್ತ ತಾಯಂದಿರೂ ಆ ಊರಿನಲ್ಲೇ ಇದ್ದರು. ಅವರ ಅಳುವನ್ನೂ ನೀವು ಕೇಳಬೇಕು. ಬೆಳೆದ ಯುವಕ ತಾನೇ ಯೋಚಿಸಿ ತೀರ್ಮಾನ ಮಾಡುವುದು ಬೇರೆ. ಎಂಟು ವರ್ಷದ ಮಗುವನ್ನು ಅಪ್ಪ ಅಮ್ಮನಿಗೆ ತಿಳಿಯದ ಹಾಗೆ ಬದಲಾಯಿಸಲು ನೋಡುವುದು ಬೇರೆ. ಎರಡನೆಯದು ಕಳ್ಳತನ ಅಂತ ನಾನು ಹೇಳುತ್ತೇನೆ.

ಕಾನೂನೂ ತಿಳಿದಿರಲಿ. ನಮ್ಮ ಸಂವಿಧಾನದ 28ನೇ ವಿಧಿ, ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ಚಿಕ್ಕ ಮಗುವನ್ನು ಪೋಷಕರ ಒಪ್ಪಿಗೆ ಇಲ್ಲದೆ ಧರ್ಮಪಾಠಕ್ಕೆ ಕೂರಿಸಬಾರದು ಅನ್ನುತ್ತದೆ. ನೇಪಾಳದ 2015ರ ಸಂವಿಧಾನ ಇನ್ನೂ ಬಿಗಿ. ಒಬ್ಬರನ್ನು ಇನ್ನೊಂದು ಧರ್ಮಕ್ಕೆ ಮತಾಂತರಿಸುವುದನ್ನೇ ಅಲ್ಲಿ ನಿಷೇಧಿಸಿದ್ದಾರೆ, ಶಿಕ್ಷೆಯೂ ಇದೆ. ಕಾನೂನಿನ ಭಯಕ್ಕಾಗಿ ಇದನ್ನು ಹೇಳುತ್ತಿಲ್ಲ. ಮನೆಯವರನ್ನು ಕೇಳಿ, ಬಾಗಿಲು ತೆರೆದಿಟ್ಟು, ಅಜ್ಜಿಯೂ ಬಂದು ಪಕ್ಕದಲ್ಲಿ ಕೂರುವ ಹಾಗೆ ಕಥೆ ಹೇಳಿ. ಅಜ್ಜಿ ಕೂತಿರುವಾಗ ಹೇಳಲು ಆಗದ್ದನ್ನು ಮಗುವಿನ ಹತ್ತಿರವೂ ಹೇಳಬೇಡಿ. ಚಾಕಲೇಟ್ ಕೊಟ್ಟು ಕರೆಯಬೇಡಿ. ನರಕದ ಬೆಂಕಿಯ ಚಿತ್ರ ತೋರಿಸಿ ರಾತ್ರಿ ನಿದ್ದೆ ಕೆಡಿಸಬೇಡಿ.

ಕಥೆ ಹೇಳಲು ಬಂದ ತಾಯಂದಿರ ಬಗ್ಗೆ ಒಂದು ಮಾತು. ನಮ್ಮಲ್ಲಿ ಮಿಶನರಿ ಅಂದರೆ ಗಂಡಸರ ಹೆಸರೇ ನೆನಪಾಗುತ್ತದೆ. ಹುಡುಗಿಯರ ಶಾಲೆಗಳನ್ನು ನಡೆಸಿದ್ದು ಬಹಳಷ್ಟು ಅವರ ಹೆಂಡತಿಯರು. ತಲಶ್ಶೇರಿಯಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಗುಂಡರ್ಟ್ ಅವರ ಹೆಂಡತಿ ಜೂಲಿ ಹುಡುಗಿಯರಿಗೆ ಓದು, ಹೊಲಿಗೆ ಕಲಿಸಿದರು. ಬೇರೆಯವರ ಮಕ್ಕಳನ್ನು ಇಷ್ಟು ಪ್ರೀತಿಯಿಂದ ನೋಡಿಕೊಂಡ ಈ ತಾಯಂದಿರು ತಮ್ಮ ಮಕ್ಕಳನ್ನು ಜೊತೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. 1853ರಲ್ಲಿ ಬಾಸೆಲ್ ಮಿಶನ್ ನಿಯಮವನ್ನೇ ಮಾಡಿತು: ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಯುರೋಪಿಗೆ ಹೋಗಬೇಕು. ನಿಯಮ ಬರುವ ಮೊದಲೂ ಕಳಿಸುತ್ತಿದ್ದರು. ಗುಂಡರ್ಟರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆ ವಯಸ್ಸಿನಲ್ಲೇ ಯುರೋಪಿನಲ್ಲಿ ಬಿಟ್ಟು ಬಂದರು. ಅವಳು ಅಪ್ಪ ಅಮ್ಮನನ್ನು ಮತ್ತೆ ಸೇರಿದ್ದು ಹದಿಹರೆಯದಲ್ಲಿ. ಮುಂದೆ ಅವಳ ಮಗ ಹರ್ಮನ್ ಹೆಸ್ಸೆ ದೊಡ್ಡ ಲೇಖಕನಾದ.

ಸತ್ಯವೇದದಲ್ಲಿ ಹನ್ನಳ ಕಥೆ ಬರುತ್ತದೆ. ಹರಕೆ ಹೊತ್ತು ಪಡೆದ ಮಗ ಸಮುವೇಲನನ್ನು ಶೀಲೋವಿನ ದೇವಾಲಯದಲ್ಲಿ ಬಿಟ್ಟು ಬರುತ್ತಾಳೆ. ಪ್ರತಿ ವರ್ಷ ಅವನಿಗಾಗಿ ಒಂದು ಚಿಕ್ಕ ಅಂಗಿ ಹೊಲಿದುಕೊಂಡು ಹೋಗುತ್ತಾಳೆ. ಮಗನನ್ನು ಹಡಗು ಹತ್ತಿಸಿ ಬಂದ ತಾಯಿ ನಮ್ಮೂರಿನ ಮಕ್ಕಳಿಗೆ ಈ ಕಥೆ ಹೇಳುವಾಗ ಆ ಅಂಗಿಯ ಸಾಲನ್ನು ಹೇಗೆ ದಾಟಿರಬಹುದು? ಅಂಗಿಯ ಅಳತೆ ಎಷ್ಟಿಡಬೇಕು ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಹಡಗಿನ ಟಪಾಲು ಬರುವಷ್ಟರಲ್ಲಿ ಮಗು ಬೆಳೆದಿರುತ್ತಿತ್ತು. ಆ ನಿಯಮ ಒಳ್ಳೆಯದಲ್ಲ ಅಂತ ನನ್ನ ಅನಿಸಿಕೆ. ನಿಮ್ಮಲ್ಲಿ ಮದುವೆಯಾದವರು, ಆಗುವವರು ಇದ್ದೀರಿ. ಯಾವ ಸಂಸ್ಥೆಯೂ ನಿಮ್ಮ ಮಕ್ಕಳಿಗೆ ಕಥೆ ಹೇಳುವ ಹೊತ್ತನ್ನು ನಿಮ್ಮಿಂದ ತೆಗೆದುಕೊಳ್ಳದಿರಲಿ.

ಕೊನೆಗೆ ಉಪದೇಶಿಗಳ ವಿಷಯ. ನಮ್ಮ ಸಭೆಗಳಲ್ಲಿ ಈ ಹೆಸರು ಇವತ್ತಿಗೂ ಗೌರವದ್ದು. ಮಿಶನರಿ ಕನ್ನಡದಲ್ಲಿ ಹೇಳಿದ್ದನ್ನು ತುಳುವಿನಲ್ಲಿ, ಮನೆಯ ಜಗಲಿಯ ಮೇಲೆ ಕೂತು, ಮಕ್ಕಳಿಗೆ ಮತ್ತೆ ಹೇಳಿದ್ದು ಅವರು. ಅಚ್ಚಿನ ಪುಸ್ತಕಗಳ ಮೇಲೆ ಅವರ ಹೆಸರು ಅಪರೂಪ. ಆದರೆ ಕಥೆ ನಮ್ಮದಾದದ್ದು ಅವರ ಬಾಯಲ್ಲಿ. ಹಾಗಾಗಿ ನೀವು ಹೋದ ಊರಿನಲ್ಲಿ ಆದಷ್ಟು ಬೇಗ ಅಲ್ಲಿಯವರೊಬ್ಬರು ಹೇಳುವ ಹಾಗೆ ಮಾಡಿ, ನೀವು ಪಕ್ಕಕ್ಕೆ ಕೂರಿ. ಹದಿನಾರು ವರ್ಷದ ಹುಡುಗಿಯಾದರೂ ಸರಿ. ಅವಳು ನಿಮಗಿಂತ ಚೆನ್ನಾಗಿ ಹೇಳುತ್ತಾಳೆ. ಅವಳು ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ. ಕಥೆಯ ಅರ್ಥ ಇದು, ನೀತಿ ಇದು ಅಂತ ಕೊನೆಗೆ ಎದ್ದು ನಿಲ್ಲಲೂಬೇಡಿ. ಸಮಾರ್ಯದವನ ಕಥೆ ಮುಗಿಸಿದ ಮೇಲೆ ಯೇಸು ತಾನು ಅರ್ಥ ಹೇಳಲಿಲ್ಲ, ಕೇಳಿದವನನ್ನೇ ಕೇಳಿದ: ಈ ಮೂವರಲ್ಲಿ ನೆರೆಯವನಾದದ್ದು ಯಾರು?

ಮಾತು ಮುಗಿದ ಮೇಲೆ ನಿಮ್ಮಲ್ಲೊಬ್ಬರು ಕೇಳಿದರು, ಮೊದಲ ಕಥೆ ಯಾವುದು ಹೇಳಬೇಕು ಅಂತ. ಒಳ್ಳೆಯ ಪ್ರಶ್ನೆ, ಬರಹದಲ್ಲಿ ಸೇರಿಸುತ್ತೇನೆ. ಬಾರ್ತ್ ಸೃಷ್ಟಿಯಿಂದ ಶುರುಮಾಡಿದರು, ಸತ್ಯವೇದ ಶುರುವಾಗುವುದೇ ಅಲ್ಲಿಂದ. ಫಿಲಿಪ್ಪೀನ್ಸಿನ ಪಲಾವಾನ್ ದ್ವೀಪದಲ್ಲಿ ಕೆಲಸ ಮಾಡಿದ ಟ್ರೆವರ್ ಮೆಕಿಲ್ವೇನ್ ಕೂಡ ಮೊದಲಿನಿಂದ ಸಾಲಾಗಿ ಹೇಳಿಕೊಂಡು ಬರಬೇಕು ಅಂದರು. ಹಿಂದಿನ ಕಥೆ ಗೊತ್ತಿಲ್ಲದೆ ಯೇಸುವಿನ ಕಥೆ ಅಲ್ಲಿನ ಜನರಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಅವರ ಮಾತು ದೊಡ್ಡವರಿಗೆ ಸರಿ ಅಂತ ಒಪ್ಪುತ್ತೇನೆ. ಚಿಕ್ಕ ಮಕ್ಕಳಿಗಾದರೆ ನಾನು ಐದು ರೊಟ್ಟಿ ಎರಡು ಮೀನಿನ ಕಥೆಯಿಂದ ಶುರುಮಾಡುತ್ತೇನೆ. ನಾಲ್ಕು ಸುವಾರ್ತೆಗಳಲ್ಲೂ ಈ ಕಥೆ ಇದೆ. ರೊಟ್ಟಿ ತಂದದ್ದು ಒಬ್ಬ ಹುಡುಗ ಅಂತ ಹೇಳುವುದು ಯೋಹಾನ ಮಾತ್ರ. ಅದು ಜವೆಗೋಧಿಯ ರೊಟ್ಟಿ, ಬಡವರ ಊಟ. ದೊಡ್ಡವರೆಲ್ಲ ಲೆಕ್ಕ ಹಾಕುತ್ತಾ ನಿಂತಿರುವಾಗ ಬುತ್ತಿ ಇದ್ದದ್ದು ಮಗುವಿನ ಹತ್ತಿರ. ಕೇಳುವ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ, ನೋಡಿ. ಆಮೇಲೆ ಆ ಹುಡುಗನ ಹೆಸರೇನು ಅಂತ ಕೇಳುತ್ತಾರೆ, ಎಲ್ಲ ಊರಿನಲ್ಲೂ ಕೇಳುತ್ತಾರೆ. ಹೆಸರು ಬರೆದಿಲ್ಲ. ಬರೆದಿಲ್ಲ ಅಂತಲೇ ಹೇಳಿ, ಒಂದು ಹೆಸರು ಕಟ್ಟಬೇಡಿ.